ಹುಂಜದ ಮೇಲೆ ಹೊರಿಸಿದ ತಪ್ಪು

ಹಿರಿಯೂರು ತಾಲ್ಲೂಕಿನ ನಮ್ಮ ತೋಟಕ್ಕೆ ನಾಟಿ ಕೋಳಿಯ ಮರಿ ಮಾಡಿಸಲು ಇನ್‌ಕ್ಯುಬೇಟರ್ ತಂದ ಮೊದಲ ಬೇಸಿಗೆಯಲ್ಲಿ, ಏಳನೆಯ ದಿನ ಕತ್ತಲೆ ಕೋಣೆಯಲ್ಲಿ ಟಾರ್ಚ್ ಹಿಡಿದು ನೋಡಿದಾಗ 96 ಮೊಟ್ಟೆಗಳ ಪೈಕಿ 41ರಲ್ಲಿ ರಕ್ತನಾಳದ ಸುಳಿವೇ ಇರಲಿಲ್ಲ. ಎಲ್ಲವೂ ಗೊಡ್ಡು ಮೊಟ್ಟೆಗಳೆಂದು ತೀರ್ಮಾನಿಸಿದೆವು. ಹುಂಜಕ್ಕೆ ವಯಸ್ಸಾಗಿದೆ, ಮಾರಿಬಿಡು ಎಂದು ಅಮ್ಮ ಹೇಳಿದರು, ಮಾರಿಬಿಟ್ಟೆ.

ಹೊಸ ಹುಂಜ ಸಿಗುವುದು ಹತ್ತು ದಿನ ತಡವಾಯಿತು. ಆದರೂ ಆ ದಿನಗಳಲ್ಲಿ ಇಟ್ಟ ಮೊಟ್ಟೆಗಳಲ್ಲಿ ಅರ್ಧದಷ್ಟರಲ್ಲಿ ಭ್ರೂಣ ಬೆಳೆದದ್ದು ನನ್ನನ್ನು ಯೋಚನೆಗೆ ಹಚ್ಚಿತು. ಹೇಟೆಯ ಅಂಡನಾಳದಲ್ಲಿರುವ ಸೂಕ್ಷ್ಮ ಕೊಳವೆಗಳಲ್ಲಿ ವೀರ್ಯಾಣುಗಳು ಎರಡು ವಾರದವರೆಗೂ ಜೀವಂತವಾಗಿ ಉಳಿಯುತ್ತವೆ ಎಂಬುದನ್ನು ಓದಿ ತಿಳಿದದ್ದು ಆಗಲೇ. ಹಾಗಾದರೆ ಮಾರಿದ ಹುಂಜದಲ್ಲಿ ದೋಷವಿರಲಿಲ್ಲ.

ನಾವು ಹಳದಿ ಎನ್ನುವ ಉಂಡೆಯೇ ವಾಸ್ತವದಲ್ಲಿ ಅಂಡ. ಅದು ಅಂಡಾಶಯದಿಂದ ಕಳಚಿ ನಾಳದ ಆಲಿಕೆಯಂಥ ಬಾಯಿಗೆ ಬಿದ್ದಾಗ, ಸುತ್ತ ಬಿಳಿ ಲೋಳೆ ಕಟ್ಟಿಕೊಳ್ಳುವ ಮೊದಲೇ, ಎಂದರೆ ಸುಮಾರು ಕಾಲು ಗಂಟೆಯೊಳಗೆ, ವೀರ್ಯಾಣು ಸೇರಬೇಕು. ಆ ಬಳಿಕ ಲೋಳೆ, ಪೊರೆ, ಚಿಪ್ಪು ಕೂಡಿಕೊಳ್ಳಲು ಒಟ್ಟು 24ರಿಂದ 26 ಗಂಟೆ ಬೇಕು. ಅದರಲ್ಲಿ ಚಿಪ್ಪಿಗೇ ಸುಮಾರು 20 ಗಂಟೆ ಹೋಗುತ್ತದೆ. ಈ ಅವಧಿಯುದ್ದಕ್ಕೂ ತಾಯಿಯ ಮೈ ಬಿಸಿಯಲ್ಲಿ, ಅಂದರೆ ಸುಮಾರು 41 ಡಿಗ್ರಿಯಲ್ಲಿ, ಭ್ರೂಣದ ಕೋಶಗಳು ಒಡೆದು ಹೆಚ್ಚುತ್ತಲೇ ಇರುತ್ತವೆ. ಆದ್ದರಿಂದ ನಾವು ಬುಟ್ಟಿಯಿಂದ ಎತ್ತಿಕೊಳ್ಳುವ ಮೊಟ್ಟೆಯೊಳಗೆ ಆಗಲೇ ಸಾವಿರಾರು ಕೋಶಗಳ, ಒಂದು ದಿನದ ಜೀವವಿರುತ್ತದೆ. ಕಾವು ಕೂರಿಸಿದ ದಿನದಿಂದ 21 ಎಂದು ಎಣಿಸುವ ನಮ್ಮ ಲೆಕ್ಕದಲ್ಲಿ ಈ ದಿನ ಸೇರುವುದೇ ಇಲ್ಲ.

ಇದನ್ನು ಪರೀಕ್ಷಿಸಲು ಹತ್ತು ತಾಜಾ ಮೊಟ್ಟೆಗಳನ್ನು ತಟ್ಟೆಗೆ ಒಡೆದೆ. ಫಲಿತವಾಗದ ಮೊಟ್ಟೆಯ ಹಳದಿಯ ಮೇಲೆ ಸಣ್ಣದೊಂದು ಗಟ್ಟಿ ಬಿಳಿ ಚುಕ್ಕೆಯಷ್ಟೇ ಕಾಣುತ್ತದೆ. ಫಲಿತವಾದುದರಲ್ಲಿ ಅದೇ ಜಾಗದಲ್ಲಿ ಬಳೆಯಂತೆ ದುಂಡಗಿನ ಅಂಚು, ನಡುವೆ ತಿಳಿ ಭಾಗ. ಹತ್ತರಲ್ಲಿ ಒಂಬತ್ತಕ್ಕೆ ಬಳೆಯಿತ್ತು. ಆಮೇಲೆ ಗೊಡ್ಡೆಂದು ತೆಗೆದಿಟ್ಟವುಗಳನ್ನು ಒಡೆದರೆ ಹಲವದರಲ್ಲಿ ಆ ಬಳೆ ಹರಡಿ, ಅಂಚು ಕದಡಿದ ಮಾಸಲು ತೇಪೆಯಾಗಿತ್ತು. ಅವು ಗೊಡ್ಡಲ್ಲ, ರಕ್ತನಾಳ ಮೂಡುವ ಮೊದಲೇ ಸತ್ತವು. ಟಾರ್ಚಿನ ಬೆಳಕಿಗೆ ಈ ಎರಡೂ ಒಂದೇ ರೀತಿ ಕಾಣುತ್ತವೆ.

ತಪ್ಪು ನನ್ನ ಶೀಟಿನ ಕೋಣೆಯದಾಗಿತ್ತು. ಮೊಟ್ಟೆ ತಣ್ಣಗಾದರೆ ಭ್ರೂಣ ನಿದ್ದೆ ಹೋದಂತೆ ನಿಲ್ಲುತ್ತದೆ; ಇಪ್ಪತ್ತು ಡಿಗ್ರಿಯ ಆಸುಪಾಸಿಗಿಂತ ಮೇಲಿದ್ದರೆ ಪೂರ್ತಿ ನಿಲ್ಲದೆ, ಬೆಳೆಯಲು ಸಾಲುವ ಕಾವೂ ಸಿಗದೆ ಸೊರಗುತ್ತದೆ. ಏಪ್ರಿಲ್‌ನಲ್ಲಿ 36 ಡಿಗ್ರಿ ಮುಟ್ಟುವ ಆ ಕೋಣೆಯಲ್ಲಿ ನಾನು ಹನ್ನೆರಡು ದಿನ ಮೊಟ್ಟೆ ಕೂಡಿಸಿದ್ದೆ.

ಈಗ ಒದ್ದೆ ಮರಳಿನಲ್ಲಿ ಹೂತ ಮಣ್ಣಿನ ಗಡಿಗೆಯೊಳಗೆ ಚೂಪು ತುದಿ ಕೆಳಗಾಗಿ ಮೊಟ್ಟೆ ಜೋಡಿಸಿ, ಬಾಯಿಗೆ ಹಸಿ ಬಟ್ಟೆ ಕಟ್ಟುತ್ತೇನೆ. ನಮ್ಮ ಒಣಹವೆಗೆ ಇದು ಚೆನ್ನಾಗಿ ಹೊಂದುತ್ತದೆ. ಒಳಗೆ 24 ಡಿಗ್ರಿಯ ಹತ್ತಿರ ನಿಲ್ಲುತ್ತದೆಯೇ ಹೊರತು, ಬೇಕಾದ 15ರಿಂದ 18ಕ್ಕೆ ಇಳಿಯುವುದಿಲ್ಲ. ಹಾಗಾಗಿ ಬೇಸಿಗೆಯಲ್ಲಿ ನಾಲ್ಕು ದಿನಕ್ಕಿಂತ ಹೆಚ್ಚು ಕೂಡಿಸುವುದಿಲ್ಲ. ಮುಂದಿನ ಸುತ್ತಿನಲ್ಲಿ 90ಕ್ಕೆ 13 ಮಾತ್ರ ತೆಗೆಯಬೇಕಾಯಿತು. ಪ್ರತಿ ಸುತ್ತಿಗೂ ಮುನ್ನ ಒಂದೆರಡು ಮೊಟ್ಟೆ ಒಡೆದು ಬಳೆ ನೋಡುತ್ತೇನೆ, ನೋಡಿಯಾದ ಮೇಲೆ ಅವು ಅಮ್ಮನ ಬಾಣಲೆ ಸೇರುತ್ತವೆ.