ಪುಸ್ತಕ ಬಿಟ್ಟಿ ಕೊಟ್ಟೆ, ಸಂಪಾದನೆ ಬೇರೆ ಕಡೆಯಿಂದ ಬಂತು

"ಬಿಟ್ಟಿ ಸಿಕ್ಕಿದ್ದಕ್ಕೆ ಯಾರು ಬೆಲೆ ಕೊಡ್ತಾರೆ?" ಅಂದ ಬರಹಗಾರ ಗೆಳೆಯರೇ ಈಗ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ.

ನನ್ನದು ಡೇಟಾಬೇಸ್ ಕೈಪಿಡಿ. ರಾಯಲ್ಟಿ ಶೇ. 10, ಅದೂ ಅಂಗಡಿಯವರ ಕಮಿಷನ್ ಕಳೆದ ಮೇಲೆ. ಎರಡು ವರ್ಷದ್ದು ಸೇರಿಸಿದರೂ ಲ್ಯಾಪ್‌ಟಾಪಿನ ಅರ್ಧ ದುಡ್ಡು ಹುಟ್ಟಲಿಲ್ಲ. ಪ್ರತಿಗಳು ಮುಗಿದವು, ಮರುಮುದ್ರಣ ಆಗಲಿಲ್ಲ. ಹಾಗಾದರೆ ಹಕ್ಕು ಲೇಖಕರಿಗೆ ವಾಪಸ್ ಅನ್ನುವ ಷರತ್ತು ಕರಾರಿನಲ್ಲಿತ್ತು. ಅದನ್ನು ಹಿಡಿದು ವಾಪಸ್ ಪಡೆಯಲು ಸುಮಾರು ಆರು ತಿಂಗಳು ಕಾಡಬೇಕಾಯಿತು.

ಆಮೇಲೆ ಇಡೀ ಪುಸ್ತಕವನ್ನು, ಕೃತಿಗಳನ್ನು ಮುಕ್ತವಾಗಿ ಹಂಚಲು ಸಿದ್ಧ ಲೈಸೆನ್ಸುಗಳನ್ನು ರೂಪಿಸಿರುವ ಕ್ರಿಯೇಟಿವ್ ಕಾಮನ್ಸ್‌ನ ಬಿವೈ-ಎನ್‌ಸಿ 4.0 ಲೈಸೆನ್ಸ್‌ನಲ್ಲಿ ಬಿಟ್ಟೆ. ಯಾರು ಬೇಕಾದರೂ ಹಂಚಬಹುದು, ಅನುವಾದಿಸಬಹುದು, ನನ್ನ ಹೆಸರು, ಲೈಸೆನ್ಸಿನ ಲಿಂಕ್ ಹಾಕಿ, ಏನಾದರೂ ಬದಲಿಸಿದ್ದರೆ ಅದನ್ನು ತಿಳಿಸಿದರೆ ಸಾಕು. ದುಡ್ಡು ಮಾಡುವ ಕೆಲಸಕ್ಕೆ ಬಳಸುವುದಾದರೆ ಮಾತ್ರ ನನ್ನನ್ನು ಕೇಳಬೇಕು. ಆಟ ಇರುವುದೇ ಇಲ್ಲಿ. ಫೀಸು ತೆಗೆದುಕೊಂಡು ತರಬೇತಿ ಕೊಡುವವರು ಅನುಮತಿ ಕೇಳಿ ಬಂದರು. ಅರ್ಧದಷ್ಟು ಮಂದಿ "ನೀವೇ ಬಂದು ಪಾಠ ಮಾಡಿ" ಅಂದರು. ಕಳೆದ ವರ್ಷ ಹೀಗೆ ಬಂದದ್ದು ಹಳೆಯ ರಾಯಲ್ಟಿಯ ಏಳೆಂಟು ಪಟ್ಟು ಇರಬಹುದು. ಪ್ರತಿ ಅಧ್ಯಾಯದ ಕೊನೆಗೆ ನಾನು ಹಾಕುವ ಒಂದು ಸಾಲಿಗೆ ಇದರಲ್ಲಿ ದೊಡ್ಡ ಪಾಲಿದೆ. ಆ ಸಾಲು ಏನು ಅಂತ ಮಾತ್ರ ಹೇಳಲ್ಲ!

ದೇಣಿಗೆ ಬಟನ್ ಇಟ್ಟು ನೋಡಿದೆ. ಸುಮ್ನೆ. ವೆಬ್‌ಸೈಟಿನ ಬಾಡಿಗೆಯೂ ಬರಲಿಲ್ಲ. ವಿಮರ್ಶೆಗೆ ಅಂತ ಅಂಚೆಯಲ್ಲಿ ಕಳಿಸಿದ ಪ್ರತಿಗಳಲ್ಲಿ ಬಹುಪಾಲಿಗೆ ಉತ್ತರವೇ ಇಲ್ಲ.

ಝೆನೋಡೊ ಅನ್ನುವ ಆನ್‌ಲೈನ್ ಸಂಶೋಧನಾ ಭಂಡಾರದಲ್ಲಿ ಹಾಕಿ ಡಿಒಐ (ಕೃತಿಯನ್ನು ಗುರುತಿಸುವ ಶಾಶ್ವತ ಸಂಕೇತ) ತೆಗೆದುಕೊಂಡದ್ದು ಬರೀ ಕುತೂಹಲಕ್ಕೆ. ಅಲ್ಲಿ ಪ್ರತಿ ಆವೃತ್ತಿಗೂ ಬೇರೆ ಡಿಒಐ, ಎಲ್ಲಕ್ಕೂ ಸೇರಿ ಇನ್ನೊಂದು. ಪ್ರಬಂಧ ಬರೆಯುವವರು ಉಲ್ಲೇಖಿಸತೊಡಗಿದರು. ಉಲ್ಲೇಖದಿಂದ ಹೊಟ್ಟೆ ತುಂಬಲ್ಲ, ನಿಜ. ಆದರೆ ಅದನ್ನು ನೋಡಿಯೇ ಒಂದು ಪಠ್ಯಕ್ರಮ ಸಮಿತಿ ಕರೆಯಿತು. ಗೌರವಧನ ಅಷ್ಟಕ್ಕಷ್ಟೇ, ಪರಿಚಯ ಜಾಸ್ತಿ. ಯಾರೋ ಒಬ್ಬರು ಪುಸ್ತಕವನ್ನು ತಮ್ಮ ಹೆಸರಲ್ಲಿ ಮಾರಾಟಕ್ಕಿಟ್ಟಾಗಲೂ ಡಿಒಐ ಜೊತೆಗಿದ್ದ ದಿನಾಂಕವೇ ಕೈಹಿಡಿಯಿತು. ತೆಗೆಸಲು ಒಂದು ತಿಂಗಳು ಹಿಡಿಯಿತು ಅನ್ನಿ.

ನನಗೆ ಎಲ್ಲಕ್ಕಿಂತ ಲಾಭ ಅನ್ನಿಸಿದ್ದು ಓದುಗರು ಕಳಿಸುವ ತಿದ್ದುಪಡಿಗಳು. ಅಷ್ಟು ತಪ್ಪು ಹುಡುಕಿಸಲು ಸಂಪಾದಕರಿಗೆ ಎಷ್ಟು ಕೊಡಬೇಕಿತ್ತೋ! ಮುಂದಿನ ಆವೃತ್ತಿಗೆ ಪದಸೂಚಿ ಮಾಡಿಕೊಡಲು ಒಬ್ಬರು ಒಪ್ಪಿದ್ದಾರೆ. "ದುಡ್ಡು ಬೇಡ, ಹೆಸರು ಹಾಕಿ ಸಾಕು" ಅಂದರು. ಹೆಸರೂ ಹಾಕುತ್ತೇನೆ, ದುಡ್ಡೂ ಕೊಡುತ್ತೇನೆ.