ಪ್ಯಾಕಿನ ಚಿತ್ರಕ್ಕೊಂದು ರಬ್ಬರ್ ಬ್ಯಾಂಡ್

ಪೀಣ್ಯದ ಕಾರ್ಖಾನೆಗಳಲ್ಲಿ ಸಿಗರೇಟು ಬಿಡಿಸುವ ಕೌನ್ಸೆಲಿಂಗ್ ಮಾಡುವವರಿಗೆಲ್ಲ ಇದು ಗೊತ್ತು: 2016ರಿಂದ ಪ್ಯಾಕಿನ ಎರಡೂ ಬದಿ ಶೇ. 85 ಜಾಗ ಹಿಡಿದಿರುವ ಆರೋಗ್ಯದ ಎಚ್ಚರಿಕೆಯ ಚಿತ್ರವನ್ನು ನಮ್ಮ ಜನ ನೋಡುವುದೇ ಅಪರೂಪ. ಕಾಂಡಿಮೆಂಟ್ಸ್ ಅಂಗಡಿಯಲ್ಲಿ ಒಂದು ಟೀ, ಒಂದು ಸಿಗರೇಟು, ಅಷ್ಟೇ. ಸಿಗರೇಟಿನ ಬಿಡಿ ಮಾರಾಟಕ್ಕೆ ರಾಜ್ಯದಲ್ಲಿ 2017ರಲ್ಲೇ ನಿಷೇಧ ಬಂದಿದ್ದರೂ ಪ್ಯಾಕು ಉಳಿಯುವುದು ಅಂಗಡಿಯವನ ಬಳಿಯೇ. "ಚಿತ್ರ ತೋರಿಸಿ ಯಾರನ್ನೂ ಬಿಡಿಸೋಕಾಗಲ್ಲ ಬಿಡಿ ಸಾರ್" ಎಂದು ಜೊತೆಯವರೆಲ್ಲ ಕೈಚೆಲ್ಲಿದ್ದರು. ಚಿತ್ರ ಸರಿಯಾದ ಹೊತ್ತಿಗೆ ಕಣ್ಣಿಗೆ ಬಿದ್ದರೆ ಕೆಲಸ ಮಾಡಿಯೇ ಮಾಡುತ್ತದೆ ಎಂದು ನಾನು ಪಟ್ಟು ಹಿಡಿದೆ.

ಮೊದಲು ದುಡ್ಡು ಕಳೆದದ್ದು ಫ್ಲೆಕ್ಸಿಗೆ. ಗೇಟಿನ ಬಳಿ ನಾಲ್ಕು ಕಟ್ಟಿಸಲು ಐದಾರು ಸಾವಿರವಾಯಿತು. ವಾರ ಕಳೆಯುವಷ್ಟರಲ್ಲಿ ಅದರ ನೆರಳಲ್ಲೇ ನಿಂತು ಸೇದತೊಡಗಿದರು. ಆಮೇಲೆ ಬಿಡಿ ಕೊಳ್ಳುವವರಿಗೆ, ಚಿತ್ರವಾದರೂ ಕಾಣಲಿ ಎಂದು ಇಡೀ ಪ್ಯಾಕು ಕೊಳ್ಳಲು ಹೇಳಿದೆ. ಇದು ಮಹಾ ತಪ್ಪು. ಜೇಬಿನಲ್ಲಿ ಹತ್ತಿದ್ದರೆ ಹತ್ತೂ ಮುಗಿಯುತ್ತವೆ. ದಿನಕ್ಕೆ ಐದು ಸೇದುತ್ತಿದ್ದವರು ಏಳೆಂಟಕ್ಕೆ ಏರಿದರು. ದಯವಿಟ್ಟು ಯಾರೂ ಇದನ್ನು ಮಾಡಬೇಡಿ.

ದಾರಿ ಸಿಕ್ಕಿದ್ದು ಯುಪಿಐನಿಂದ. ಒಂದು ಸಿಗರೇಟಿಗೂ ಈಗ ಮೊಬೈಲ್ ತೆಗೆಯುವವರೇ ಹೆಚ್ಚು. ಎಚ್ಚರಿಕೆಯ ಚಿತ್ರವನ್ನೇ ಅದರ ವಾಲ್‌ಪೇಪರ್ ಮಾಡಿಸಿದೆ, ಬೆರಳಿಟ್ಟ ಕೂಡಲೇ ಪರದೆ ತೆರೆದುಕೊಳ್ಳುವುದರಿಂದ ಯಾರೂ ನೋಡಲಿಲ್ಲ. ಹಿಂದಿನ ಕವರಿನಲ್ಲಿಟ್ಟರೆ ಸ್ಕ್ಯಾನ್ ಮಾಡುವಾಗ ಎದುರಿನವನಿಗೆ ಕಾಣುತ್ತದೆ, ಸೇದುವವನಿಗಲ್ಲ. ಕೊನೆಗೆ ಗೆದ್ದದ್ದು ರಬ್ಬರ್ ಬ್ಯಾಂಡ್. ಶಿಫ್ಟಿಗೆ ಮುಂಚೆ ಮೊಬೈಲನ್ನು ಲಾಕರಿನಲ್ಲಿಡುವಾಗ ಚಿತ್ರದ ಕಾರ್ಡೊಂದನ್ನು ಪರದೆಯ ಮೇಲಿಟ್ಟು ಬ್ಯಾಂಡ್ ಹಾಕಬೇಕು. ಬ್ರೇಕಿನಲ್ಲಿ ಅದನ್ನು ಕೈಯಾರೆ ತೆಗೆಯದೆ ದುಡ್ಡು ಕಳಿಸಲಾಗದು.

ಕಾರ್ಡಿಗೆ ಖಾಲಿ ಪ್ಯಾಕೇ ಸಾಕು, ಅಂಗಡಿಯವರು ಸುಮ್ಮನೆ ಕೊಡುತ್ತಾರೆ. ಮುಂಬದಿಯನ್ನು ಕತ್ತರಿಸಿ, ಹಿಂದೆ ಬಿಳಿ ಹಾಳೆ ಅಂಟಿಸಿ ಲ್ಯಾಮಿನೇಟ್ ಮಾಡಿಸಿದರೆ ಒಂದಕ್ಕೆ ಏಳೆಂಟು ರೂಪಾಯಿ. ಬಿಳಿ ಬದಿಯಲ್ಲಿ ತಂಬಾಕು ಬಿಡಿಸುವ ಸಹಾಯವಾಣಿಯ ನಂಬರು 1800-11-2356 ದಪ್ಪಕ್ಷರದಲ್ಲಿರಲಿ. 2018ರಿಂದ ಪ್ಯಾಕಿನ ಮೇಲೂ ಈ ನಂಬರಿದೆ, ಓದಿದವರು ಕಡಿಮೆ. ಕನ್ನಡದಲ್ಲಿ ಮಾತಾಡುವವರು ನಮ್ಮ ನಿಮ್ಹಾನ್ಸಿನಲ್ಲೇ ಇದ್ದಾರೆ. ಅದರ ಕೆಳಗೆ, ಯಾಕೆ ಬಿಡಬೇಕೆಂದು ಅವರ ಕೈಬರಹದಲ್ಲೇ ಒಂದು ಸಾಲು. ಇನ್ನೊಂದು ಸಾಲನ್ನೂ ಬರೆಸುತ್ತೇನೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ನಂಬರಿಲ್ಲದೆ ಬರೀ ಚಿತ್ರ ಕೊಟ್ಟಾಗ ಮೂರೇ ದಿನಕ್ಕೆ ಮಗುಚಿ ಇಟ್ಟುಕೊಂಡರು. ಹೆದರಿದವನಿಗೆ ಮುಂದೇನು ಮಾಡಬೇಕೆಂದು ಅಲ್ಲೇ ತಿಳಿಯಬೇಕು. ಎಚ್ಚರಿಕೆ ನೋಡಿ ಬಿಡುವ ಯೋಚನೆ ಮಾಡಿದ ಸಿಗರೇಟು ಸೇದುವವರು ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಭಾರತದ ವರದಿಯಲ್ಲಿ 2009-10ಕ್ಕೆ ಶೇ. 38ರಷ್ಟಿದ್ದರು, 2016-17ಕ್ಕೆ 62 ಆದರು. ಯೋಚನೆ ಬಂದ ಆ ಗಳಿಗೆಯಲ್ಲೇ ಹಿಡಿಯದಿದ್ದರೆ ಟೀ ಮುಗಿಯುವಷ್ಟರಲ್ಲಿ ಅದು ಆರಿಹೋಗುತ್ತದೆ.

ಚಟದ ಸೆಳೆತ ಐದು ನಿಮಿಷ ತಡೆದರೆ ಇಳಿಯುತ್ತದೆ. ಅದನ್ನು ತಡೆಯಲು 2 ಮಿಲಿಗ್ರಾಂ ನಿಕೋಟಿನ್ ಗಮ್ ಕೊಡಿ. ಹತ್ತು ಗಮ್ಮಿಗೆ ನೂರು ರೂಪಾಯಿಯ ಆಸುಪಾಸು. ಗಮ್ ಕೆಲಸ ಮಾಡಲಿಲ್ಲ ಎಂದವರನ್ನು ಕೇಳಿದರೆ ಬಹುತೇಕ ಕಾಫಿ ಕುಡಿದ ಕೂಡಲೇ ಹಾಕಿಕೊಂಡಿರುತ್ತಾರೆ. ಬಾಯಲ್ಲಿ ಕಾಫಿಯ ಹುಳಿಯಿದ್ದರೆ ನಿಕೋಟಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ, ಕಾಲು ಗಂಟೆ ಬಿಡಬೇಕು. ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ಹಚ್ಚುವವರಿಗೆ 4 ಮಿಲಿಗ್ರಾಂ ಬೇಕಾಗುತ್ತದೆ, ಅವರನ್ನು ವೈದ್ಯರ ಬಳಿ ಕಳಿಸುತ್ತೇನೆ.

ಎರಡು ವಾರಕ್ಕೊಮ್ಮೆ ಕಾರ್ಡಿನ ಚಿತ್ರ ಬದಲಿಸಿ, ಕಣ್ಣಿಗೆ ಒಗ್ಗಿಹೋದರೆ ಮುಗಿಯಿತು. ಹಳೆಯ ಚಿತ್ರಗಳ ಪ್ಯಾಕು ಕೂಡಿಟ್ಟುಕೊಂಡಿದ್ದೇನೆ. ಕೆನಡಾದಲ್ಲಿ 2023ರ ನಿಯಮದಿಂದ ಒಂದೊಂದು ಸಿಗರೇಟಿನ ಮೇಲೂ ಎಚ್ಚರಿಕೆ ಬಂದಿದೆ. ಬಿಡಿಯಾಗಿ ಕೊಳ್ಳುವ ನಮ್ಮೂರಿಗೆ ಅದು ಇನ್ನೂ ಹೆಚ್ಚು ಬೇಕು.

ಬೀಡಿ ಸೇದುವವರಲ್ಲಿ ನನ್ನ ಕಾರ್ಡು ಅಷ್ಟಾಗಿ ನಡೆದಿಲ್ಲ. ಕಟ್ಟಿನ ಕಾಗದ ಸುತ್ತಿಕೊಂಡು ಚಿತ್ರ ಅರ್ಧವೇ ಕಾಣುತ್ತದೆ, ಕತ್ತರಿಸಿದರೆ ಕೈಗೆ ಬರುವುದು ಚೂರು. ಜಗಿಯುವ ತಂಬಾಕಿನದು ಇನ್ನೂ ಕಷ್ಟ, ಪೊಟ್ಟಣ ಹರಿದಾಗ ಚಿತ್ರವೂ ಮುದುಡಿ ಕಸಕ್ಕೆ ಹೋಗುತ್ತದೆ. ಅಂಥವರ ಸುಣ್ಣದ ಡಬ್ಬಿಯ ಮುಚ್ಚಳಕ್ಕೆ ಚಿತ್ರ ಅಂಟಿಸಿ ಈಗ ನೋಡುತ್ತಿದ್ದೇನೆ. ಸುಣ್ಣ ತಾಗಿ ಅಂಚು ಬೇಗ ಏಳುತ್ತದೆ, ಗಟ್ಟಿ ಅಂಟು ಹುಡುಕುತ್ತಿದ್ದೇನೆ.