ಕಿಟ್ ಪೆಟ್ಟಿಗೆ ಬದಿಗಿಟ್ಟು ಮುಚ್ಚಳಕ್ಕೊಂದು ಹಿಡಿ ಮಾಡಿದ್ದು

ಕೊಪ್ಪಳ ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ನಮ್ಮಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದೆ, ಅಂದರೆ ಮಕ್ಕಳು ಕೈಯಾರೆ ಏನಾದರೂ ಮಾಡಿ ಕಲಿಯುವ ಕೋಣೆ. ನೀತಿ ಆಯೋಗದ ಯೋಜನೆ ಅದು, ಒಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ. ಪ್ಲಾಸ್ಟಿಕ್ ಕರಗಿಸಿ ಪದರ ಪದರವಾಗಿ ವಸ್ತು ಮಾಡುವ 3ಡಿ ಪ್ರಿಂಟರ್, ಆರ್ಡುಯಿನೊ ಅನ್ನುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್, ಸೆನ್ಸರ್ ಎಲ್ಲಾ ಬಂದವು. ಮೊದಲ ವರ್ಷ ಪೆಟ್ಟಿಗೆ ತೆಗೆದೆವು, ಕಿಟ್ ಜೊತೆ ಬಂದ ಪುಸ್ತಕ ನೋಡಿ ವೈರ್ ಜೋಡಿಸಿದೆವು, ಎಲ್‌ಇಡಿ ಹತ್ತಿದರೆ ಚಪ್ಪಾಳೆ ಹೊಡೆದೆವು. ಮಕ್ಕಳಿಗೆ ಖುಷಿಯೇ. ಆದರೆ "ಇದನ್ನ ಯಾರಿಗೆ ಅಂತ ಮಾಡಿದ್ರಿ?" ಅಂದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ.

ಅದು ನನಗೆ ತುಂಬಾ ಚುಚ್ಚಿತು. ಎರಡನೇ ವರ್ಷ 9ನೇ ತರಗತಿಗೆ ಮೊದಲ ಎರಡು ತಿಂಗಳು ಕಿಟ್ ಮುಟ್ಟಿಸಲೇ ಇಲ್ಲ. ರಟ್ಟು, ದಾರ, ಅಳತೆ ಪಟ್ಟಿ, ಗರಗಸ, ಒಂದು ನೋಟ್‌ಬುಕ್, ಅಷ್ಟೇ. ಕೆಲಸ ಒಂದೇ: ಶಾಲೆ ಸುತ್ತ ಯಾರಿಗೆ ಏನು ತೊಂದರೆ ಇದೆ ನೋಡಿ ಬನ್ನಿ, ನೀವೇ ಊಹಿಸಬೇಡಿ, ನಿಂತು ನೋಡಿ.

ಒಂದು ಗುಂಪು ಬಿಸಿಯೂಟದ ಅಡುಗೆ ಕೋಣೆಗೆ ಹೋಯಿತು. ಅಲ್ಲಿ ಸಾರಿನ ದೊಡ್ಡ ಡಬರಿಯ ಮುಚ್ಚಳದ ಹಿಡಿ ಮುರಿದು ಎಷ್ಟೋ ದಿನ ಆಗಿತ್ತು. ಅಡುಗೆ ಮಾಡುವ ದೊಡ್ಡವ್ವ ಸೆರಗು ಮಡಚಿ ಅಂಚು ಹಿಡಿದೇ ಎತ್ತುತ್ತಿದ್ದರು, ಹಬೆ ನೇರ ಮುಂಗೈಗೆ ಬಡಿಯುತ್ತಿತ್ತು. ಮಕ್ಕಳು ಮೂರು ದಿನ ಬರೀ ನೋಡಿದರು. ಒಬ್ಬ ಹುಡುಗಿ ನೋಟ್‌ಬುಕ್ಕಿನಲ್ಲಿ ಬರೆದದ್ದು ನೋಡಿ ನನಗೇ ಆಶ್ಚರ್ಯ ಆಯಿತು: "ಮುಚ್ಚಳ ತಮ್ಮ ಕಡೆಯಿಂದ ಎತ್ತಿದರೆ ಹಬೆ ಮುಖಕ್ಕೆ ಬರುತ್ತದೆ. ಆ ಕಡೆಯ ಅಂಚು ಮೊದಲು ಏಳಬೇಕು." ಅಂದರೆ ಹಿಡಿ ನಟ್ಟನಡುವೆ ಇರಬಾರದು, ನಾಲ್ಕು ಬೆರಳು ಆಚೆ ಇರಬೇಕು, ಆಗ ಮುಚ್ಚಳವೇ ಹಬೆಗೆ ಅಡ್ಡ ನಿಲ್ಲುತ್ತದೆ. ಇದು ಯಾವ ಕಿಟ್ಟಿನ ಪುಸ್ತಕದಲ್ಲೂ ಇಲ್ಲ.

ಅಳತೆಯಲ್ಲಿ ಮೊದಲು ಎಡವಿದೆವು. ಮಕ್ಕಳು ತಮ್ಮ ಕೈ ಅಳೆದು ರಟ್ಟಿನ ಹಿಡಿ ಮಾಡಿ ಒಯ್ದರು. ದೊಡ್ಡವ್ವ ಹಿಡಿದು ನೋಡಿ, "ಏ ತಮ್ಮಾ, ಇದು ನನ್ನ ಕೈಯಾಗ ಕೂಡವಲ್ದು" ಅಂದರು. ವಾಪಸ್ ಬಂದು ದಾರ ತೆಗೆದುಕೊಂಡೆವು. ಅವರ ಹೆಬ್ಬೆರಳು, ನಡುಬೆರಳು ಕೂಡಿಸಿ ಬಳೆ ಹಾಗೆ ಹಿಡಿಸಿ, ಆ ಬಳೆಯ ಒಳಸುತ್ತು ದಾರದಲ್ಲಿ ಅಳೆದರೆ 11 ಸೆಂಮೀ. ಅದನ್ನು 3.14ರಿಂದ ಭಾಗಿಸಿದರೆ ದಪ್ಪ 3.5 ಸೆಂಮೀ. ಪೈ ಅಂದರೆ ಏನು ಅಂತ ಆ ದಿನ ನಾನು ಹೇಳಬೇಕಾಗಲೇ ಇಲ್ಲ. ಹಿಡಿಗೂ ಮುಚ್ಚಳಕ್ಕೂ ನಡುವಿನ ಸಂದು ಮೊದಲು 2.5 ಸೆಂಮೀ ಇಟ್ಟಿದ್ದೆವು, ಬೆರಳಿನ ಗಿಣ್ಣು ತಾಗಿತು, 5 ಸೆಂಮೀಗೆ ಏರಿಸಿದೆವು.

ಆಮೇಲೆ ಪ್ರಿಂಟರ್ ಆಸೆ. ಮಕ್ಕಳು ಕಂಪ್ಯೂಟರಿನಲ್ಲಿ ಟಿಂಕರ್‌ಕ್ಯಾಡ್ ಅನ್ನುವ 3ಡಿ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಚಂದದ ಹಿಡಿ ಬಿಡಿಸಿದರು, ಪಿಎಲ್‌ಎ ಪ್ಲಾಸ್ಟಿಕ್‌ನಲ್ಲಿ ಅದು ಬಂತು, ಎರಡೇ ದಿನದಲ್ಲಿ ಸೊಟ್ಟಗಾಯಿತು. ಪಿಎಲ್‌ಎ ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ, ಹಬೆ ಇರುವುದು 100ರ ಹತ್ತಿರ. ನನಗೆ ಇದು ಮೊದಲೇ ಗೊತ್ತಿತ್ತು, ಬೇಕಂತಲೇ ಸುಮ್ನಿದ್ದೆ. ಹೇಳಿದ್ದರೆ ಒಂದು ವಾಕ್ಯ ಬರೆದುಕೊಳ್ಳುತ್ತಿದ್ದರು. ಈಗ ಸೊಟ್ಟ ಹಿಡಿ ಕೈಯಲ್ಲಿ ಹಿಡಿದು "ಯಾಕೆ ಸರ್?" ಅಂತ ಅವರೇ ಕೇಳಿದರು, ಅಲ್ವಾ.

ಮರಕ್ಕೆ ಹೋದೆವು. ಬೇವಿನ ಹಸಿ ಕೊಂಬೆ ಕಡಿದು ಮಾಡಿದ್ದು ವಾರದಲ್ಲಿ ಸೀಳಿತು. ಆಗ ಮಕ್ಕಳನ್ನು ಕಿನ್ನಾಳಕ್ಕೆ ಕರೆದುಕೊಂಡು ಹೋದೆ, ನಮಗೆ ಹತ್ತಿರವೇ. ಗೊಂಬೆ ಮಾಡುವ ಚಿತ್ರಗಾರರ ಮನೆಯಲ್ಲಿ ಹಿರಿಯರೊಬ್ಬರು ಮರ ಎಷ್ಟು ಒಣಗಬೇಕು ಅಂತ ಬೆರಳಲ್ಲಿ ತಟ್ಟಿ ಸದ್ದು ಕೇಳಿಸಿದರು, ಹುಣಸೆ ಬೀಜದ ಅಂಟು ತೋರಿಸಿದರು. ಹುಡುಗರು ಮರ ತಟ್ಟುತ್ತಾ ಅರ್ಧ ಗಂಟೆ ಅಲ್ಲಿಂದ ಏಳಲಿಲ್ಲ. ಇಂಥವರು ಪಕ್ಕದಲ್ಲೇ ಇರುವಾಗ ಡಿಸೈನ್ ಕಲಿಸಲು ಬರೀ ವಿಡಿಯೋ ನಂಬಿ ಕೂರಬಾರದು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಕೊನೆಗೆ ಬಡಿಗೇರ ಅಂಗಡಿಯಲ್ಲಿ ಉಳಿದಿದ್ದ ಒಣ ತೇಗದ ತುಂಡು ಸಿಕ್ಕಿತು. ಸ್ಕ್ರೂ ತಲೆ ಕಾದು ಕೈ ಸುಡಬಾರದು ಅಂತ ಅದನ್ನು ಮರದೊಳಕ್ಕೆ ಇಳಿಸಿ ಕೂರಿಸಿದರು. ಆ ಹಿಡಿ ಐದು ತಿಂಗಳಿಂದ ಗಟ್ಟಿಯಾಗಿದೆ. ಅಂಕದಲ್ಲಿ ಅರ್ಧ ನಾನು ನೋಟ್‌ಬುಕ್ಕಿಗೆ ಕೊಟ್ಟೆ. ಸೊಟ್ಟಗಾದದ್ದು, ಸೀಳಿದ್ದು ಎಲ್ಲಾ ಬರೆದವರಿಗೆ ಜಾಸ್ತಿ.

ಈಗ ದೊಡ್ಡವ್ವ ಅನ್ನದ ಡಬರಿಗೂ ಒಂದು ಕೇಳಿದ್ದಾರೆ. ಆ ಮುಚ್ಚಳ ಒತ್ತಿ ಹಿಡಿದೇ ಗಂಜಿ ಬಸಿಯುತ್ತಾರೆ, ಮೇಲೆ ಹಿಡಿ ಇದ್ದರೆ ಅಂಗೈಗೆ ಅಡ್ಡ ಬರುತ್ತದೆ. ಮಕ್ಕಳು ಶನಿವಾರದಿಂದ ಮತ್ತೆ ದಾರ ಹಿಡಿದು ಅಡುಗೆ ಕೋಣೆಯಲ್ಲಿದ್ದಾರೆ.